ಮನೆಯ ಜಗಳ ಠಾಣೆಯ ಮೆಟ್ಟಿಲೇರಿದಾಗ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತುಂಬಿದ ಮನೆಯಲ್ಲಿ ಅತ್ತೆ ಮಾವ, ಅಕ್ಕ ಭಾವಂದಿರು ಇದ್ದು, ಮಾತು ಮೀರುವ ಮೊದಲೇ ತಡೆಯುವ ಹಿರಿಯರಿದ್ದ ಕಾಲದ ಗಾದೆಯಿದು. ಅಂದೂ ಎಲ್ಲ ಜಗಳಗಳು ಉಂಡು ಮಲಗುವಷ್ಟರಲ್ಲಿ ಮುಗಿಯುತ್ತಿರಲಿಲ್ಲ; ಎಷ್ಟೋ ಹೆಣ್ಣುಮಕ್ಕಳು ಉಣ್ಣದೆಯೇ ಮಲಗುತ್ತಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು ಭಾರತದಲ್ಲಿ ನೂರಕ್ಕೆ 29.3, ತೆಲಂಗಾಣದಲ್ಲಿ 36.9; ಕರ್ನಾಟಕದಲ್ಲಿ 44.4. ಆದುದರಿಂದ ಈ ವಿಷಯವನ್ನು ‘ಬೇರೆಯವರ ಮನೆಯ ಮಾತು’ ಎಂದು ತಳ್ಳಿಹಾಕುವಂತಿಲ್ಲ.

ಬೀದರ, ಕಲಬುರಗಿ, ರಾಯಚೂರುಗಳಿಂದಲೂ ದೂರದ ಉಡುಪಿ, ಧಾರವಾಡಗಳಿಂದಲೂ ಬಂದು ಹೈದರಾಬಾದಿನಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳೋಣ. ಅಬಿಡ್ಸಿನ ಒಂದು ಒಳಬೀದಿಯಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ. ರಾತ್ರಿ ಜಗಳವಾಗಿ, ಸೊಸೆಯ ಮೈಮೇಲೆ ಗಾಯವಾಗಿದೆ. ಪಕ್ಕದ ಮನೆಯವರು ಪೊಲೀಸರನ್ನು ಕರೆದಿದ್ದಾರೆ. ಮಗನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದ ಮೇಲೆ ಮುದಿ ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ: ‘ಪೊಲೀಸರು ಕರ್ಕೊಂಡು ಹೋದ್ರಪ್ಪಾ, ಈಗ ಯಾರ ಕಡೆ ಹೋಗ್ಬೇಕು?’ ಒಳಗೆ ಸೊಸೆ ಕೂಸನ್ನು ಎತ್ತಿಕೊಂಡು ಕುಳಿತಿದ್ದಾಳೆ. ಬಾಯಿ ಬಿಟ್ಟು ಹೇಳದಿದ್ದರೂ ಅವಳ ಪ್ರಶ್ನೆಯೂ ಅದೇ. ಇಬ್ಬರಿಗೂ ಕಾನೂನಿನಲ್ಲಿ ಉತ್ತರವಿದೆ. ಒಬ್ಬರ ಹಕ್ಕನ್ನು ಕಿತ್ತುಕೊಂಡು ಮತ್ತೊಬ್ಬರಿಗೆ ಕೊಡುವ ಉತ್ತರವಲ್ಲ ಅದು.

ಬಂಧನ ಯಾವ ಬಗೆಯದು?

ಮೊದಲು ತಿಳಿಯಬೇಕಾದುದು, ಯಾವ ಕಲಮಿನ ಮೇಲೆ ಬಂಧಿಸಿದ್ದಾರೆ ಎಂಬುದು. ಮುಂದಿನ ದಾರಿಯೆಲ್ಲ ಇದನ್ನೇ ಅವಲಂಬಿಸಿದೆ. 2024ರ ಜುಲೈ 1ರಿಂದ ದೇಶದಲ್ಲಿ ಹಳೆಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆಯೂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಯಲ್ಲಿವೆ.

ಕೆಲವೊಮ್ಮೆ ಗಲಾಟೆ ಮುಂದುವರಿದು ಅನಾಹುತವಾಗದಿರಲೆಂದು, ಸುರಕ್ಷಾ ಸಂಹಿತೆಯ 170ನೆಯ ಕಲಮಿನಂತೆ ಮುನ್ನೆಚ್ಚರಿಕೆಯ ಬಂಧನ ಮಾಡುವುದುಂಟು. ಇದರ ಅವಧಿ 24 ಗಂಟೆಗಳನ್ನು ಮೀರತಕ್ಕದ್ದಲ್ಲ. ಇಂಥ ಸಂದರ್ಭಗಳಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ ಶಾಂತಿಪಾಲನೆಯ ಮುಚ್ಚಳಿಕೆ ಬರೆದುಕೊಡಬೇಕಾಗಿ ಬರಬಹುದು. ಬರೇ ಸಾಮಾನ್ಯ ಗಾಯದ ಆರೋಪವಾದರೆ, ಅಂದರೆ ನ್ಯಾಯ ಸಂಹಿತೆಯ 115(2)ನೆಯ ಕಲಮಾದರೆ, ಅದು ಜಾಮೀನು ನೀಡಲೇಬೇಕಾದ ಅಪರಾಧ.

ಗಂಡ ಅಥವಾ ಅವನ ಬಂಧುಗಳ ಕ್ರೌರ್ಯವನ್ನು ಕುರಿತ 85ನೆಯ ಕಲಮು ಇದಕ್ಕಿಂತ ಗಂಭೀರ. 1983ರ ಡಿಸೆಂಬರಿನಲ್ಲಿ 498-ಎ ಎಂಬ ಹೆಸರಿನಿಂದ ಜಾರಿಗೆ ಬಂದ ಕಾನೂನೇ ಇಂದು 85 ಮತ್ತು 86ನೆಯ ಕಲಮುಗಳಲ್ಲಿದೆ. ಮೂರು ವರ್ಷಗಳವರೆಗೆ ಸೆರೆವಾಸವೂ ದಂಡವೂ ಉಂಟು. ಜಾಮೀನು ಇಲ್ಲಿ ಠಾಣೆಯಲ್ಲಿ ಹಕ್ಕಾಗಿ ಸಿಕ್ಕುವುದಿಲ್ಲ. ವರದಕ್ಷಿಣೆಯ ಬೇಡಿಕೆಯಿದ್ದರೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯೂ ಜೊತೆಗೂಡುತ್ತದೆ.

ಬಂಧನವೇ ಮೊದಲ ಹೆಜ್ಜೆಯಲ್ಲ

498-ಎ ಎಂದೊಡನೆ ಮನೆಮಂದಿಯನ್ನೆಲ್ಲ ಲಾಕಪ್ಪಿಗೆ ಹಾಕುತ್ತಾರೆಂಬ ಭಯ ಜನರಲ್ಲಿದೆ. 2014ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯವು ಅರ್ನೇಶ್ ಕುಮಾರ್ ವಿರುದ್ಧ ಬಿಹಾರ ರಾಜ್ಯ ಎಂಬ ಪ್ರಕರಣದಲ್ಲಿ ಈ ಪದ್ಧತಿಗೆ ಕಡಿವಾಣ ಹಾಕಿತು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯವೇನೆಂಬುದನ್ನು ಪೊಲೀಸರು ಬರಹದಲ್ಲಿ ಕಾಣಿಸಬೇಕು. ತಪಶೀಲು ಪಟ್ಟಿಯನ್ನು ತುಂಬಿ ದಂಡಾಧಿಕಾರಿಗೆ ಒಪ್ಪಿಸಬೇಕು. ದಂಡಾಧಿಕಾರಿಯೂ ಯಾಂತ್ರಿಕವಾಗಿ ಬಂಧನವನ್ನು ಮುಂದುವರಿಸತಕ್ಕದ್ದಲ್ಲ ಎಂದು ವಿಧಿಸಿತು. ಬಂಧನ ಬೇಡವೆಂದಾದಾಗ ಹಾಜರಾಗಬೇಕೆಂದು ನೋಟೀಸು ಕೊಡಬೇಕು. ಈಗ ಇದು ಸುರಕ್ಷಾ ಸಂಹಿತೆಯ 35(3)ನೆಯ ಉಪಕಲಮು. ಈ ನೋಟೀಸನ್ನು ವಾಟ್ಸಾಪ್ ಮೂಲಕ ಕಳಿಸಿದರೆ ಸಾಲದೆಂದು 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ.

ನೋಟೀಸು ಬಂದರೆ ಊರು ಬಿಟ್ಟು ಓಡುವುದು ಅವಿವೇಕ. ಹೇಳಿದ ದಿನ ಹಾಜರಾಗಿ, ತನಿಖೆಗೆ ಸಹಕರಿಸಿದವರನ್ನು ಬಂಧಿಸಬೇಕಾದರೆ ಪೊಲೀಸರು ಪ್ರತ್ಯೇಕ ಕಾರಣವನ್ನು ಬರೆದಿಡಬೇಕಾಗುತ್ತದೆ. ಓಡಿಹೋದವರಾದರೋ ಆ ಕಾರಣವನ್ನು ತಾವೇ ಒದಗಿಸಿದಂತಾಗುತ್ತದೆ.

2025ರ ಜುಲೈ 22ರಂದು ಸರ್ವೋಚ್ಚ ನ್ಯಾಯಾಲಯವು ಮತ್ತೊಂದು ಹೆಜ್ಜೆಯಿಟ್ಟು, ಅಲಹಾಬಾದ್ ಉಚ್ಚ ನ್ಯಾಯಾಲಯ 2022ರಲ್ಲಿ ರೂಪಿಸಿದ್ದ ಕುಟುಂಬ ಕಲ್ಯಾಣ ಸಮಿತಿಗಳ ಹಾಗೂ ಎರಡು ತಿಂಗಳ ಶಾಂತಿಯ ಅವಧಿಯ ಸೂಚನೆಗಳನ್ನು ಅನುಸರಿಸಬೇಕೆಂದು ಹೇಳಿತು. ಕೊಲೆಯತ್ನದಂತಹ ಘೋರ ಆರೋಪಗಳಿಗೆ ಇದು ಅನ್ವಯಿಸದು. ತಮ್ಮ ಠಾಣೆಯಲ್ಲಿ ಇದರ ಪಾಲನೆ ಹೇಗಿದೆಯೆಂಬುದನ್ನು ವಕೀಲರಿಂದ ತಿಳಿದುಕೊಳ್ಳುವುದು ಲೇಸು.

ಮೊದಲ 24 ಗಂಟೆಗಳು

ಬಂಧನವಾಗಿಯೇಬಿಟ್ಟರೆ, ಆ ಮೊದಲ ದಿನದಲ್ಲಿ ಮನೆಯವರು ಮಾಡುವ ಕೆಲಸ ಬಲು ಮುಖ್ಯ. ಸಂವಿಧಾನದ 22ನೆಯ ವಿಧಿ ಬಂಧಿತನಿಗೆ ಮೂರು ರಕ್ಷಣೆಗಳನ್ನು ಕೊಟ್ಟಿದೆ: ಕಾರಣವನ್ನು ತಿಳಿಯುವ ಹಕ್ಕು, ತನಗೆ ಬೇಕಾದ ವಕೀಲರ ನೆರವು ಪಡೆಯುವ ಹಕ್ಕು, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರಾಗುವ ಹಕ್ಕು. 1996ರ ಡಿಸೆಂಬರಿನಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಸೂಚನೆಗಳು ಇಂದು ಸುರಕ್ಷಾ ಸಂಹಿತೆಯಲ್ಲಿಯೇ ಸೇರಿವೆ. ಬಂಧನದ ಪತ್ರದ ಮೇಲೆ ಮನೆಯವರೋ ಆ ನೆರೆಯ ಗೌರವಸ್ಥರೋ ಸಾಕ್ಷಿ ಹಾಕಬೇಕು. ಬಂಧಿತನೂ ಸಹಿ ಹಾಕುತ್ತಾನೆ. ಬಂಧಿಸಿದ ವಿಷಯವನ್ನು ಅವನು ಹೇಳಿದ ಬಂಧುವಿಗೋ ಸ್ನೇಹಿತನಿಗೋ ತಿಳಿಸಬೇಕು.

ಹೊರರಾಜ್ಯದ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷವಾದ ಸಂಗತಿಯಿದೆ. ತೆಲುಗಿನಲ್ಲಿ ಮಾತನಾಡಲು ಬಂದರೂ ಓದಲು ಬಾರದವರು ಈ ನಗರದಲ್ಲಿ ಅನೇಕರಿದ್ದಾರೆ. 2025ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು, ಬಂಧನದ ಆಧಾರಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದ ಮೂಲಕ ಕೊಡಬೇಕೆಂದು ತೀರ್ಪಿತ್ತಿದೆ. ಒಡನೆ ಬರೆದುಕೊಡಲು ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ದಂಡಾಧಿಕಾರಿಯ ಮುಂದೆ ಹಾಜರುಪಡಿಸುವುದಕ್ಕೆ ಎರಡು ಗಂಟೆಗಳಾದರೂ ಮುಂಚೆ ಬರಹವನ್ನು ಕೊಡಬೇಕು. ಆದ್ದರಿಂದ ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಮೊದಲು ‘ಇದರಲ್ಲಿ ಏನಿದೆ, ಓದಿ ಹೇಳಿರಿ’ ಎಂದು ಕೇಳುವುದು ಉದ್ಧಟತನವಲ್ಲ. ತನಿಖಾಧಿಕಾರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕೆಂಬ ನಿಯಮವೇ ಇಲ್ಲ.

ಹೆಂಗಸರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯು ದಂಡಾಧಿಕಾರಿಯ ಅನುಮತಿಯನ್ನು ಮುಂಚಿತವಾಗಿ ಪಡೆದಿರಬೇಕು. ಅತ್ತೆ, ನಾದಿನಿಯರ ಹೆಸರು ದೂರಿನಲ್ಲಿದ್ದಾಗ ಈ ನಿಯಮವನ್ನು ನೆನಪಿಡಬೇಕು.

ದೇಹಾರೋಗ್ಯದ ಮಾತು

ಗಡಿಬಿಡಿಯಲ್ಲಿ ಮರೆತುಹೋಗುವುದು ಆರೋಗ್ಯ. ಬಂಧಿತನನ್ನು ವೈದ್ಯರು ಪರೀಕ್ಷಿಸಬೇಕೆಂದು ಸುರಕ್ಷಾ ಸಂಹಿತೆಯ 53ನೆಯ ಕಲಮು ವಿಧಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗಗಳಿದ್ದರೆ ವೈದ್ಯರ ಚೀಟಿಯನ್ನೂ ಮಾತ್ರೆಗಳನ್ನೂ ಠಾಣೆಗೆ ಒಯ್ದು ಒಪ್ಪಿಸಬೇಕು. ದಿನವೂ ಅತಿಯಾಗಿ ಮದ್ಯಪಾನ ಮಾಡುವವರ ವಿಷಯ ಇನ್ನೂ ಸೂಕ್ಷ್ಮ. ಕುಡಿತ ಒಮ್ಮೆಲೇ ನಿಂತಾಗ ಆರರಿಂದ 48 ಗಂಟೆಗಳೊಳಗೆ ನಡುಕ, ಬೆವರು, ಸೆಳವು ಕಾಣಿಸಿಕೊಳ್ಳಬಹುದು. ಎರಡು ಮೂರು ದಿನಗಳ ಬಳಿಕ ಭ್ರಮೆ ಹಿಡಿದು ಪ್ರಾಣಕ್ಕೆ ಅಪಾಯವೂ ಬರಬಹುದು. ಮಾನ ಹೋಗುತ್ತದೆಂದು ಈ ಚಟವನ್ನು ಮುಚ್ಚಿಡದೆ ಪೊಲೀಸರಿಗೂ ವೈದ್ಯರಿಗೂ ತಿಳಿಸುವುದು ಮನೆಯವರ ಕರ್ತವ್ಯ.

ಗಾಯಗೊಂಡ ಸೊಸೆಯ ಆರೋಗ್ಯ ಇದಕ್ಕಿಂತ ಮೊದಲಿನದು. ಅವಳನ್ನು ತಡಮಾಡದೆ ಉಸ್ಮಾನಿಯಾ ಆಸ್ಪತ್ರೆಗೋ ಬೇರೆ ಆಸ್ಪತ್ರೆಗೋ ಕರೆದೊಯ್ದು, ಗಾಯದ ಕಾರಣವನ್ನು ಇದ್ದಂತೆಯೇ ವೈದ್ಯರಿಗೆ ಹೇಳಿ ದಾಖಲಿಸಬೇಕು. ತಲೆಗೆ ಏಟು ಬಿದ್ದಿದ್ದರೆ, ಕತ್ತು ಹಿಸುಕಿದ್ದರೆ, ಹೊರಗೆ ಏನೂ ಕಾಣದಿದ್ದರೂ ಪರೀಕ್ಷೆ ಅವಶ್ಯಕ. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದು ಬರೆಯಿಸಿದ ಸುಳ್ಳು ಮುಂದೆ ಅವಳಿಗೇ ಮುಳುವಾಗುತ್ತದೆ.

ಬಂಧನದಿಂದ ಮರಳಿದ ಗಂಡಸಿನಲ್ಲಿ, ದೂರು ಕೊಟ್ಟು ಒಂಟಿಯಾದ ಹೆಣ್ಣಿನಲ್ಲಿ, ಬದುಕೇ ಬೇಡವೆಂಬ ಮಾತು ಕೇಳಿಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ದೂರವಾಣಿ 14416ರಲ್ಲಿ ನೆರವು ದೊರೆಯುತ್ತದೆ.

ಜಾಮೀನು ಮತ್ತು ಪರಸ್ಥಳದ ತೊಡಕು

ಅಬಿಡ್ಸಿನಿಂದ ನಾಂಪಲ್ಲಿಯ ಕ್ರಿಮಿನಲ್ ನ್ಯಾಯಾಲಯಗಳು ಹತ್ತಿರದಲ್ಲಿಯೇ ಇವೆ. ಬಂಧಿತನನ್ನು ದಂಡಾಧಿಕಾರಿಯ ಮುಂದೆ ನಿಲ್ಲಿಸಿದಾಗ ವಕೀಲರು 480ನೆಯ ಕಲಮಿನಂತೆ ಜಾಮೀನಿಗೆ ಅರ್ಜಿ ಸಲ್ಲಿಸಬಹುದು. ಅಲ್ಲಿ ನಿರಾಕರಿಸಿದರೆ 483ನೆಯ ಕಲಮಿನಂತೆ ಸೆಷನ್ಸ್ ನ್ಯಾಯಾಲಯಕ್ಕೆ, ಬಳಿಕ ಉಚ್ಚ ನ್ಯಾಯಾಲಯಕ್ಕೆ ಹೋಗುವ ದಾರಿಯಿದೆ. ಇಂಥ ಪ್ರಕರಣದಲ್ಲಿ ಬಂಧಿತನಾಗಿದ್ದು 60 ದಿನಗಳೊಳಗೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗುತ್ತದೆ. ಬಂಧನದ ಭಯ ಮಾತ್ರ ಇದ್ದವರು 482ನೆಯ ಕಲಮಿನಂತೆ ನಿರೀಕ್ಷಣಾ ಜಾಮೀನನ್ನು ಕೇಳಬಹುದು.

ಜಾಮೀನು ಮಂಜೂರಾದರೂ ಜಾಮೀನುದಾರರು ಸಿಕ್ಕದೆ ಸೆರೆಯಲ್ಲಿ ಉಳಿಯುವ ಸಂಭವ ಪರಸ್ಥಳದವರಿಗೆ ಹೆಚ್ಚು. ಈ ಕಷ್ಟವನ್ನು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1978ರಲ್ಲಿಯೇ ಕಂಡಿದ್ದರು. ಮೋತಿರಾಮ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಎಂಬ ಪ್ರಕರಣದಲ್ಲಿ ಒಬ್ಬ ಬಡ ಗಾರೆಯವನಿಗೆ ಹತ್ತು ಸಾವಿರ ರೂಪಾಯಿಗಳ ಜಾಮೀನನ್ನು ವಿಧಿಸಲಾಗಿತ್ತು. ಅವನ ಸೋದರ ಮುಂದೆ ಬಂದರೂ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣದಿಂದ ಒಪ್ಪಿರಲಿಲ್ಲ. ದೂರದ ಊರಿನಲ್ಲಿ ಬಂಧನಕ್ಕೊಳಗಾದ ಕನ್ನಡಿಗನೋ ಮಲಯಾಳಿಯೋ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬ ಪ್ರಶ್ನೆಯನ್ನೇ ಆ ತೀರ್ಪು ಎತ್ತಿತು. ಹೊರಗಿನವನೆಂಬ ಕಾರಣಕ್ಕೆ ಜಾಮೀನುದಾರನನ್ನು ತಿರಸ್ಕರಿಸುವಂತಿಲ್ಲ ಎಂದು ಸಾರಿತು. ರಾಯಚೂರಿನ ಅಣ್ಣನನ್ನು ಜಾಮೀನಿಗೆ ಕರೆಸುವವರು ಈ ತೀರ್ಪನ್ನು ತಮ್ಮ ವಕೀಲರಿಗೆ ನೆನಪಿಸಬಹುದು.

ದೂರು ಊರಲ್ಲಿ, ಗಂಡ ಇಲ್ಲಿ

ವಲಸೆಯ ಕುಟುಂಬಗಳಲ್ಲಿ ಇನ್ನೊಂದು ತೊಡಕುಂಟು. ಮನನೊಂದ ಹೆಣ್ಣು ಕೂಸಿನೊಡನೆ ಕಲಬುರಗಿಯ ತವರಿಗೆ ಹೋಗಿ ಅಲ್ಲಿಯೇ ದೂರು ಕೊಡುತ್ತಾಳೆ. ಇದಕ್ಕೆ ಅವಳಿಗೆ ಅಧಿಕಾರವಿದೆ. ಗಂಡನ ಮನೆಯಿಂದ ಹೊರಬಿದ್ದು ಆಶ್ರಯ ಪಡೆದ ಊರಿನಲ್ಲಿಯೂ ಕ್ರೌರ್ಯದ ಮೊಕದ್ದಮೆ ನಡೆಯಬಹುದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ.

ಹಾಗಾದರೆ ಅಬಿಡ್ಸಿನ ಅಂಗಡಿಯಲ್ಲಿ ದುಡಿಯುವ ಗಂಡ ಏನು ಮಾಡಬೇಕು? ಇದಕ್ಕೆ ಉತ್ತರ ದೊರೆತದ್ದು ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ. ಹೆಂಡತಿ ರಾಜಸ್ಥಾನದಲ್ಲಿ 498-ಎ ದೂರು ಕೊಟ್ಟಿದ್ದಳು. ಗಂಡನಿಗೆ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ನಿರೀಕ್ಷಣಾ ಜಾಮೀನು ಕೊಟ್ಟಿತ್ತು. 2023ರ ನವೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯ ಬೆಂಗಳೂರಿನ ಆ ಆದೇಶವನ್ನು ರದ್ದುಪಡಿಸಿತು. ಆದರೆ ಬೇರೆ ರಾಜ್ಯದಲ್ಲಿ ದೂರು ದಾಖಲಾದಾಗ, ಆರೋಪಿ ಇರುವ ಸ್ಥಳದ ಸೆಷನ್ಸ್ ಅಥವಾ ಉಚ್ಚ ನ್ಯಾಯಾಲಯ ಮಿತಾವಧಿಯ ರಕ್ಷಣೆಯನ್ನು ಕೊಡಬಹುದೆಂದು ಒಪ್ಪಿತು. ಆ ಊರಿನ ತನಿಖಾಧಿಕಾರಿಗೂ ಸರ್ಕಾರಿ ಅಭಿಯೋಜಕರಿಗೂ ನೋಟೀಸು ಹೋಗಬೇಕು. ಕೂಡಲೇ ಆ ಊರಿನ ನ್ಯಾಯಾಲಯಕ್ಕೆ ಹೋಗಲಾರದ ಕಾರಣವನ್ನು ತೋರಿಸಬೇಕು. ಆಮೇಲೆ ಅಲ್ಲಿಯೇ ಹಾಜರಾಗಬೇಕು. ತೀರ್ಪನ್ನು ಬರೆದವರು ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ.

ಸೊಸೆಯ ಮುಂದಿರುವ ದಾರಿ

ಗಂಡನನ್ನು ಸೆರೆಗೆ ಕಳುಹಿಸುವುದೊಂದೇ ಹೆಂಡತಿಗಿರುವ ದಾರಿಯೆಂದು ತಿಳಿಯಬಾರದು. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಂತೆ ಅವಳು ದಂಡಾಧಿಕಾರಿಯಿಂದ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸಿಸುವ ಆದೇಶ, ಖರ್ಚಿನ ಹಣ, ಮಕ್ಕಳ ತಾತ್ಕಾಲಿಕ ಪಾಲನೆ, ಪರಿಹಾರ ಇವುಗಳನ್ನು ಪಡೆಯಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು. ತುರ್ತಾದರೆ ಎದುರು ಪಕ್ಷ ಬರುವ ಮುಂಚೆಯೇ ಮಧ್ಯಂತರ ಆದೇಶವಾಗಬಹುದು. ಆದರೆ ರಕ್ಷಣೆಯ ಆದೇಶವನ್ನು ಮೀರಿದರೆ ಅದು ಅಪರಾಧವೇ ಆಗಿ ಬಂಧನಕ್ಕೆ ದಾರಿಯಾಗುತ್ತದೆ. ಸುರಕ್ಷಾ ಸಂಹಿತೆಯ 144ನೆಯ ಕಲಮಿನಂತೆ ಜೀವನಾಂಶವನ್ನೂ ಕೇಳಬಹುದು.

ಆಪತ್ತಿನಲ್ಲಿ ಪೊಲೀಸರ ದೂರವಾಣಿ 112, ಮಹಿಳಾ ಸಹಾಯವಾಣಿ 181. ನೊಂದ ಹೆಂಗಸರಿಗೂ ಮಕ್ಕಳಿಗೂ ವೈದ್ಯಕೀಯ, ಕಾನೂನು, ಆಪ್ತಸಲಹೆಗಳ ನೆರವನ್ನು ಒಂದೇ ಕಡೆ ಒದಗಿಸುವ ಭರೋಸಾ ಕೇಂದ್ರ ಹೈದರಾಬಾದಿನಲ್ಲಿ 2016ರಲ್ಲಿ ಆರಂಭವಾಯಿತು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮು ವರಮಾನದ ಮಿತಿಯನ್ನು ನೋಡದೆ ಉಚಿತ ವಕೀಲರನ್ನು ಕೊಡುವವರ ಪಟ್ಟಿಯಲ್ಲಿ ಸ್ತ್ರೀಯರನ್ನೂ ಸೇರಿಸಿದೆ, ಬಂಧನದಲ್ಲಿರುವವರನ್ನೂ ಸೇರಿಸಿದೆ. ಅಂದರೆ ಆ ಒಂದೇ ಮನೆಯ ಸೊಸೆಗೂ ಮಗನಿಗೂ ಸರ್ಕಾರದ ಖರ್ಚಿನಲ್ಲಿ ಬೇರೆ ಬೇರೆ ವಕೀಲರು ದೊರೆಯುತ್ತಾರೆ. ದೂರವಾಣಿ 15100.

ಮೊಕದ್ದಮೆಯನ್ನು ಕೊನೆಗಾಣಿಸುವ ಬಗೆ

ಗಂಡನ ದೂರದ ಬಂಧುಗಳನ್ನೆಲ್ಲ ದೂರಿನಲ್ಲಿ ಹೆಸರಿಸುವ ರೂಢಿಯನ್ನು ನ್ಯಾಯಾಲಯಗಳು ಮೆಚ್ಚಿಲ್ಲ. 2024ರ ಡಿಸೆಂಬರ್ 10ರಂದು ತೆಲಂಗಾಣದಿಂದ ಬಂದ ಒಂದು ಪ್ರಕರಣದಲ್ಲಿ, ಉಚ್ಚ ನ್ಯಾಯಾಲಯ ರದ್ದುಗೊಳಿಸಲು ಒಪ್ಪದಿದ್ದ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯ ಗಂಡನ ಮೇಲೂ ಅವನ ಬಂಧುಗಳ ಮೇಲೂ ರದ್ದುಗೊಳಿಸಿತು. ಯಾರು, ಯಾವಾಗ, ಏನು ಮಾಡಿದರೆಂಬ ವಿವರವಿಲ್ಲದ ಆರೋಪ ನಿಲ್ಲದೆಂದಿತು. ಈ ತೀರ್ಪನ್ನೂ ಬರೆದವರು ನ್ಯಾಯಮೂರ್ತಿ ನಾಗರತ್ನ ಅವರೇ. ಕ್ರೌರ್ಯವನ್ನು ಅನುಭವಿಸಿದ ಹೆಣ್ಣು ಮೌನವಾಗಿರಬೇಕೆಂಬುದು ಇದರ ಅರ್ಥವಲ್ಲವೆಂದೂ ಅದೇ ತೀರ್ಪಿನಲ್ಲಿ ಸ್ಪಷ್ಟಪಡಿಸಿದ್ದಾರೆ. ತೀರ್ಪಿನ ಒಂದು ಭಾಗವನ್ನು ಮಾತ್ರ ಎತ್ತಿ ಆಡುವವರು ಇದನ್ನು ಗಮನಿಸಬೇಕು.

ದಂಪತಿಗಳು ರಾಜಿಯಾಗಬಯಸಿದರೆ? ಹಳೆಯ ಸಂಹಿತೆಯ ಕಾಲದಲ್ಲಿ 498-ಎ ರಾಜಿಯಾಗತಕ್ಕ ಅಪರಾಧವಾಗಿರಲಿಲ್ಲ. ಆದರೆ ಆಂಧ್ರಪ್ರದೇಶವು 2003ರಲ್ಲಿ ತಿದ್ದುಪಡಿ ಮಾಡಿ, ಅರ್ಜಿ ಕೊಟ್ಟು ಮೂರು ತಿಂಗಳು ಕಳೆದ ಮೇಲೆ ನ್ಯಾಯಾಲಯದ ಅನುಮತಿಯಿಂದ ರಾಜಿಗೆ ಅವಕಾಶವಿತ್ತಿತು. ಆ ಮೂರು ತಿಂಗಳು ಹೆಣ್ಣಿಗೆ ನಿಧಾನವಾಗಿ ಯೋಚಿಸಲು ಕೊಟ್ಟ ಸಮಯ. ಹೊಸ ಸುರಕ್ಷಾ ಸಂಹಿತೆಯ ರಾಜಿಯ ಪಟ್ಟಿಯಲ್ಲಿ 85ನೆಯ ಕಲಮು ಇಲ್ಲ. ಆದುದರಿಂದ ಹೊಸ ಪ್ರಕರಣಗಳಲ್ಲಿ ರಾಜಿಪತ್ರದೊಡನೆ ಮೂಸಿಯ ದಡದ ಉಚ್ಚ ನ್ಯಾಯಾಲಯಕ್ಕೆ ಹೋಗಿ, 528ನೆಯ ಕಲಮಿನಂತೆ ಮೊಕದ್ದಮೆಯನ್ನು ರದ್ದುಪಡಿಸಬೇಕೆಂದು ಕೋರುವುದೇ ದಾರಿ. ವೈವಾಹಿಕ ವಿವಾದಗಳಲ್ಲಿ ಹೀಗೆ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿಯೇ ಒಪ್ಪಿದೆ. ಆದರೆ ‘ಎಲ್ಲ ಸರಿಹೋಯಿತು, ದೂರು ಹಿಂತೆಗೆದುಕೊಂಡೆ’ ಎಂದು ಠಾಣೆಯಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಮೊಕದ್ದಮೆ ಮುಗಿಯುವುದಿಲ್ಲ.

ಬಂಧುಬಳಗದವರ ಪಾತ್ರ

ಪರಊರಿನಲ್ಲಿ ಕಷ್ಟ ಬಂದಾಗ ಮೊದಲು ನೆನಪಾಗುವವರು ಊರಿನವರು, ಸಂಘದ ಹಿರಿಯರು. ಅವರು ಬಂಧಿತನಿಗೆ ವಕೀಲರನ್ನು ಹುಡುಕಿಕೊಡಬಹುದು, ಜಾಮೀನು ನಿಲ್ಲಬಹುದು, ಭಾಷೆ ಬಾರದವರಿಗೆ ಕಾಗದವನ್ನು ಓದಿ ಹೇಳಬಹುದು. ಗುಂಪುಕಟ್ಟಿ ಹೋಗಿ ಸೊಸೆಯನ್ನು ಸುತ್ತುವರಿದು ‘ದೂರು ಹಿಂದಕ್ಕೆ ತಗೊಳ್ಳವ್ವಾ, ಮರ್ಯಾದೆ ಹೋಗ್ತದ’ ಎಂದು ಒತ್ತಾಯಿಸುವುದು ಮಾತ್ರ ಸಲ್ಲದು. ಫಿರ್ಯಾದಿಯನ್ನು ಬೆದರಿಸಿದರೆಂಬ ಕಾರಣಕ್ಕೆ ಬಂಧಿತನ ಜಾಮೀನೇ ರದ್ದಾಗಬಹುದು. ಅದಕ್ಕಿಂತ ಹೆಚ್ಚಾಗಿ, ಹೆದರಿಸಿ ಮನೆಗೆ ಮರಳಿಸಿದ ಹೆಣ್ಣು ಮುಂದಿನ ಸಲ ಏಟು ಬಿದ್ದಾಗ ಯಾರನ್ನೂ ಕರೆಯುವುದಿಲ್ಲ.

ಬಂಧನವಾದ ಮಾತ್ರಕ್ಕೆ ಅಪರಾಧ ಸಿದ್ಧವಾಗಲಿಲ್ಲ. ಜಾಮೀನು ಸಿಕ್ಕಿದ ಮಾತ್ರಕ್ಕೆ ನಿರಪರಾಧಿಯೂ ಆಗಲಿಲ್ಲ. ಅದನ್ನು ತೀರ್ಮಾನಿಸುವುದು ನ್ಯಾಯಾಲಯ. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತ ಆ ತಾಯಿಗೆ ಹೇಳಬೇಕಾದ ಮಾತು ಇಷ್ಟು: ಮೊದಲು ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ; ಅವಳೂ ಕೂಸೂ ಕ್ಷೇಮವಾಗಿರುವ ಜಾಗವನ್ನು ಅವಳೇ ಆರಿಸಿಕೊಳ್ಳಲಿ; ಮಗನ ಮಾತ್ರೆಗಳನ್ನು ಠಾಣೆಗೆ ಕಳುಹಿಸಿರಿ; 15100ಕ್ಕೆ ಕರೆಮಾಡಿ ವಕೀಲರನ್ನು ಕೇಳಿರಿ; ಬೆಳಗಾದೊಡನೆ ನಾಂಪಲ್ಲಿಯ ನ್ಯಾಯಾಲಯದಲ್ಲಿರಿ. ಇಷ್ಟನ್ನು ತಪ್ಪದೆ ಮಾಡಿದ ಮನೆಯಲ್ಲಿ ಗಂಡ ಹೆಂಡಿರು ಮುಂದೆ ಕೂಡಿ ಬಾಳಲಿ, ಬೇರೆಯಾಗಿ ಬಾಳಲಿ, ಇಬ್ಬರೂ ಬದುಕಿ ಉಳಿದಿರುತ್ತಾರೆ.